ಪ್ರೊದಾನಣ್ಣನ ಕುಸಿದ ಕಮಾನು

ಆ ವರ್ಷ ಬೇಸಿಗೆಯಲ್ಲಿ ಪ್ರೊದಾನಣ್ಣನಿಗೆ ಇದ್ದಕ್ಕಿದ್ದ ಹಾಗೆ ನಮ್ಮ ಊರಿನ ಸೌಂದರ್ಯ ಕಣ್ಣಿಗೆ ಬೀಳತೊಡಗಿತು. ಲಿಪೋವೊದಲ್ಲೇ ಹುಟ್ಟಿ, ಲಿಪೋವೊದಲ್ಲೇ ಐವತ್ತು ದಾಟಿದ ಮನುಷ್ಯ. ಅಲ್ಲಿಯವರೆಗೆ ಒಂದು ಗುಲಾಬಿಯನ್ನೂ ತಿರುಗಿ ನೋಡಿದವನಲ್ಲ. ಈಗ ಮನೆಯಿಂದ ಪುರಸಭೆಗೆ ಹೋಗುವ ದಾರಿಯಲ್ಲಿ ಸಿಕ್ಕಿದ ಬೇಲಿಗೆಲ್ಲ ಒರಗಿ ನಿಲ್ಲುತ್ತಿದ್ದ. ಬಾವಿಕಟ್ಟೆ ಸಿಕ್ಕರೆ ಕುಳಿತು ಮೋಡ ನೋಡುತ್ತಿದ್ದ. ಒಮ್ಮೆ ನಾನು ಕೆಲಸಕ್ಕಿದ್ದ ಸಹಕಾರಿ ಅಂಗಡಿಯ ಎದುರಿನ ಬೇಲಿಗೆ ಆತುಕೊಂಡು ನಿಂತಿದ್ದಾಗ ನಾನು ಒಳಗಿನಿಂದಲೇ, "ಏನು ನೋಡ್ತಿದೀಯಾ ಪ್ರೊದಾನಣ್ಣ?" ಎಂದು ಕೂಗಿದೆ. "ಹೂವು ಕಣೆ ದೋನ್ಕ, ಎಷ್ಟು ಚೆನ್ನಾಗಿ ಬಿಟ್ಟಿದೆ ನೋಡು" ಎಂದ. ಬೇಲಿಯ ಆಚೆ ಇದ್ದದ್ದು ಈರುಳ್ಳಿ ಮಡಿ.

ನಿಜ ಸಂಗತಿ ಏನೆಂದರೆ ಅವನ ಕಾಲು ನೋಯುತ್ತಿತ್ತು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸೀಳಿದಂಥ ನೋವು. ಬೇರೆ ಯಾರಿಗಾದರೂ ಕಾಲು ನೋವು ಬಂದರೆ "ಕಾಲು ನೋವು" ಎನ್ನುತ್ತಾರೆ, ಬಿಸಿನೀರಲ್ಲಿ ಇಟ್ಟುಕೊಂಡು ಕೂರುತ್ತಾರೆ. ಪ್ರೊದಾನಣ್ಣ ಹಾಗೆ ಹೇಳುವಂತಿರಲಿಲ್ಲ. ಪುರಸಭೆಯಲ್ಲಿ ಅವನು ರಸ್ತೆ, ಸೇತುವೆಗಳ ಮೇಸ್ತ್ರಿಯಾಗಿದ್ದರೂ ಅದು ಹೊಟ್ಟೆಪಾಡಿನ ಕೆಲಸ. ಅವನ ನಿಜವಾದ ಪದವಿ ಬೇರೆ. ಮದುವೆ, ಹಬ್ಬಗಳಲ್ಲಿ ಊರೆಲ್ಲ ಕೈಕೈ ಹಿಡಿದು ಸಾಲಾಗಿ ಹೋರೊ ಕುಣಿಯುವಾಗ ಆ ಸಾಲಿನ ತುದಿಯಲ್ಲಿ ಕರವಸ್ತ್ರ ಬೀಸುತ್ತ ಮುಂದೆ ಹೋಗುವವನು ಅವನೇ. ಆ ಕರವಸ್ತ್ರ ಹಿಡಿಯುವ ಆಸೆ ಹೊಳೆಯಾಚೆಯ ಕ್ಷೌರಿಕ ಮಿಂಚೊಗೆ ಎಷ್ಟೋ ವರ್ಷದಿಂದ ಇತ್ತು. ಪ್ರೊದಾನಣ್ಣ ಬಿಟ್ಟುಕೊಟ್ಟಿರಲಿಲ್ಲ. ಸಾಲಿನಲ್ಲಿ ಯಾವನಾದರೂ ಹೆಜ್ಜೆ ತಪ್ಪಿದರೆ, "ಬಾತುಕೋಳಿ! ಚಪ್ಪಟೆ ಪಾದದವರೆಲ್ಲ ಹಿಂದಕ್ಕೆ ಹೋಗ್ರೋ" ಎಂದು ಕೂಗುತ್ತಿದ್ದ.

ಅಂಥವನು ಒಂದು ದಿನ ಹೆಂಡತಿ ರಾಯ್ನಕ್ಕನಿಗೂ ಹೇಳದೆ ಬಸ್ಸು ಹತ್ತಿ ಪ್ಲೊವ್ದಿವ್ ನಗರಕ್ಕೆ ಹೋಗಿ ಮೂಳೆ ತಜ್ಞ ಪ್ರೊಫೆಸರ್ ಬೆಲ್ಚೆವ್ ಅವರ ಮುಂದೆ ಬರಿಗಾಲಲ್ಲಿ ನಿಂತ. ಪ್ರೊಫೆಸರರು ಕನ್ನಡಕ ಏರಿಸಿ ನೋಡಿ, "ಪಾದದ ಕಮಾನು ಕುಸಿದಿದೆ. ಎರಡೂ ಚಪ್ಪಟೆ" ಎಂದರಂತೆ. ಆಮೇಲೆ ಅವನ ಪಾದಗಳ ಅಚ್ಚನ್ನು ಸುಣ್ಣದ ಹಿಟ್ಟಿನಲ್ಲಿ ತೆಗೆದುಕೊಂಡು, ಬೂಟಿನೊಳಗೆ ಇಟ್ಟುಕೊಳ್ಳುವ ಒಳ ಅಟ್ಟೆ ಮಾಡಿಸಬೇಕೆಂದು ಹೇಳಿ ಮೂರು ನಮೂನೆ ತೋರಿಸಿದರು. ಕಾರ್ಕಿನದು ಹಗುರ, ಆದರೆ ನೀರು ತಾಗಬಾರದು. ತೊಗಲಿನದು ಮೆತ್ತಗೆ, ಆದರೆ ಬೇಗ ಅಮುಕಿಹೋಗುತ್ತದೆ. ತಗಡಿನದು ಜನ್ಮಪೂರ್ತಿ ಬಾಳುತ್ತದೆ, ಆದರೆ ಮೊದಮೊದಲು ಕಣ್ಣಲ್ಲಿ ನೀರು ತರಿಸುತ್ತದೆ. "ಯೋಚನೆ ಮಾಡಿ ಫೋನ್ ಮಾಡಿ. ಮಾಡಿಸಿ ಬಸ್ಸಿನಲ್ಲಿ ಕಳಿಸ್ತೀವಿ" ಎಂದರು. ಒಂದು ಜೊತೆ ಬೂಟು ಕೊಳ್ಳಲೂ ಆರಿಸುವ ಭಾಗ್ಯ ಇಲ್ಲದ ಕಾಲ ಅದು. ನನ್ನ ಅಂಗಡಿಯಲ್ಲಿದ್ದದ್ದು ಒಂದೇ ನಮೂನೆ ಬೂಟು, ಒಂದೇ ಬಣ್ಣ. ಮೂರರಲ್ಲಿ ಒಂದನ್ನು ಆರಿಸಬೇಕೆಂದಾಗ ಪ್ರೊದಾನಣ್ಣನಿಗೆ ತಲೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮಾರನೆಯ ದಿನವೇ ನನ್ನ ಹತ್ತಿರ ಬಂದ.

"ದೋನ್ಕ, ಈ ಬೂಟಲ್ಲೇ ಒಂದು ನಂಬರ್ ದೊಡ್ಡದು ಕೊಡೆ."

"ಯಾಕಣ್ಣ, ಕಾಲು ಬೆಳೀತಾ ಇದೆಯಾ?"

"ಹೂಂ. ಬೆಳೀತಿದೆ."

"ಈ ವಯಸ್ಸಲ್ಲಾ?"

"ನಮ್ಮ ವಂಶದಲ್ಲೇ ಹಾಗೆ" ಎಂದು ಬೂಟನ್ನು ಕಂಕುಳಲ್ಲಿಟ್ಟುಕೊಂಡು ಹೋದ. ನಾನು ನಂಬಿದೆ. ನನಗಾಗ ಇಪ್ಪತ್ತೆರಡು ವರ್ಷ. ಯಾರು ಏನು ಹೇಳಿದರೂ ನಂಬುತ್ತಿದ್ದೆ.

ಇನ್ನು ಫೋನಿನ ವಿಷಯ. ಈಗಿನವರಿಗೆ ಹೇಳಿದರೆ ನಗುತ್ತಾರೆ. ಊರಿಗೆಲ್ಲ ಅಂಚೆ ಕಚೇರಿಯಲ್ಲಿ ಒಂದು ಮರದ ಗೂಡು, ಅದರೊಳಗೆ ಒಂದು ಫೋನು. ಗೂಡಿನ ಬಾಗಿಲು ಯಾವುದೋ ಮಳೆಗಾಲದಲ್ಲಿ ಊದಿಕೊಂಡದ್ದು ಮತ್ತೆ ಮುಚ್ಚಿರಲಿಲ್ಲ. ಪ್ಲೊವ್ದಿವ್ ಜೊತೆ ಮಾತಾಡಬೇಕಾದರೆ, ತಂತಿ ಇಲ್ಲದಿದ್ದರೂ ಪ್ಲೊವ್ದಿವ್‌ಗೆ ಕೇಳಿಸುವಷ್ಟು ಜೋರಾಗಿ ಕೂಗಬೇಕಿತ್ತು. ಹೊರಗೆ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುವವರು ಹೆಣಿಗೆ ಹೆಣೆಯುತ್ತ, ಸೂರ್ಯಕಾಂತಿ ಬೀಜ ಕಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಯಾರಿಗೆ ಮೂಲವ್ಯಾಧಿ, ಯಾರ ಸೊಸೆ ಬಸುರಿ ಎಂಬುದೆಲ್ಲ ನಮಗೆ ತಿಳಿಯುತ್ತಿದ್ದದ್ದು ಅಲ್ಲೇ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಪಕ್ಕದ ಮನೆಯವನು ಸತ್ತದ್ದು ಮೂರನೆಯ ದಿನ ಗೊತ್ತಾಗುತ್ತದೆ.

ಆ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಲೆಂದು ನಾನೂ ಬೆಂಚಿನ ಮೇಲಿದ್ದೆ. ನನ್ನ ಪಕ್ಕದಲ್ಲಿ ಮಿಂಚೊನ ತಾಯಿ ಝ್ಲಾತಜ್ಜಿ. ಎಂಬತ್ತು ವರ್ಷ. ಹೊಳೆಯಾಚೆಯಿಂದ ದಿನಾ ಸೇತುವೆ ದಾಟಿ ಬ್ರೆಡ್ಡಿಗೆ ಬರುತ್ತಿದ್ದಳು, ಹಿಂದೆಯೇ ಅವಳ ಮೇಕೆ. ಪ್ರೊದಾನಣ್ಣ ಬಂದ. ನಮ್ಮನ್ನೆಲ್ಲ ನೋಡಿ ಬೆವರೊರೆಸಿಕೊಂಡ. ಗೂಡಿನೊಳಗೆ ಹೋಗಿ ಬಾಗಿಲೆಳೆದ, ಅದು ಬರಲಿಲ್ಲ. ಡಾಕ್ಟರು, ಕಾಲು, ಪಾದ ಎಂಬ ಮೂರು ಶಬ್ದಗಳನ್ನು ಸತ್ತರೂ ಬಾಯಿಂದ ಬಿಡಬಾರದೆಂದು ಅವನು ನಿಶ್ಚಯ ಮಾಡಿಕೊಂಡಿದ್ದನೆಂದು ಆಮೇಲೆ ತಿಳಿಯಿತು.

"ಹಲೋ, ಪ್ರೊಫೆಸರೇ! ನಾನು ಲಿಪೋವೊ ಪ್ರೊದಾನ್! ಲಿಪೋವೊ! ಕಮಾನು, ಕಮಾನು ಕುಸಿದಿದೆ ಅಂದ್ರಲ್ಲ, ಅದೇ!"

ಬೆಂಚಿನ ಮೇಲೆ ಬೀಜ ಕಡಿಯುವ ಸದ್ದು ನಿಂತಿತು.

"ಎರಡೂ! ಹೌದು, ಎರಡೂ! ಎಡಗಡೇದು ಜಾಸ್ತಿ! ಏನು? ಇಲ್ಲ, ಇಲ್ಲಿ ಯಾರಿಗೂ ಹೇಳಿಲ್ಲ! ಜನಕ್ಕೆ ಗೊತ್ತಾದ್ರೆ ನನ್ನ ಮರ್ಯಾದೆ ಹೋಗತ್ತೆ! ಒಳಗಡೆಯಿಂದ ಆಧಾರ ಕೊಡೋದಲ್ವಾ? ಕಾರ್ಕೇ ಇರ್ಲಿ! ತಗಡು ಬೇಡ! ಆಧಾರ ಕೊಡದೇ ಬಿಟ್ರೆ? ಪೂರ್ತಿ ಕೂತ್ಬಿಡತ್ತಾ? ಅಯ್ಯೋ ದೇವರೇ! ಬೇಗ ಕಳಿಸಿ!"

ಗೂಡಿನಿಂದ ಹೊರಗೆ ಬಂದವನು ಯಾರ ಮುಖವನ್ನೂ ನೋಡದೆ ಹೊರಟುಹೋದ.

ನಮ್ಮ ಊರನ್ನು ಸುಷಿತ್ಸ ಹೊಳೆ ಎರಡು ಭಾಗ ಮಾಡುತ್ತದೆ. ಈಚೆಗೆ ಬೇಕರಿ, ಪುರಸಭೆ, ಬಸ್ ನಿಲ್ದಾಣ. ಆಚೆಗೆ ಶಾಲೆ, ಇಗರ್ಜಿ, ಸ್ಮಶಾನ. ನಡುವೆ ಮುತ್ತಜ್ಜಂದಿರ ಕಾಲದಲ್ಲಿ, ತುರ್ಕರು ಆಳುತ್ತಿದ್ದಾಗ ಕಟ್ಟಿದ ಕಲ್ಲು ಸೇತುವೆ. ಅದಕ್ಕೆ ಎರಡು ಕಮಾನು. ಆ ಸೇತುವೆಯ ಮೇಸ್ತ್ರಿ ಪ್ರೊದಾನಣ್ಣ.

"ಎರಡೂ ಅಂದ್ನಾ?" ಎಂದಳು ಝ್ಲಾತಜ್ಜಿ.

"ಎಡಗಡೇದು ಜಾಸ್ತಿ ಅಂದ" ಎಂದೆ ನಾನು.

ಅಜ್ಜಿ ತನ್ನ ಮೇಕೆಯ ಕೊರಳು ತಬ್ಬಿಕೊಂಡಳು. "ಈಗ್ತಾನೆ ಎಡಗಡೆಯಿಂದ ಬಂದ್ವಲ್ಲೇ ತಾಯಿ!"

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಆದರೆ ಜೋರಾಗಿ ಯಾರೂ ಮಾತಾಡಲಿಲ್ಲ. ಪಾಪ, ಅವನೊಬ್ಬನೇ ಇಷ್ಟು ದೊಡ್ಡ ಭಾರ ಹೊತ್ತುಕೊಂಡು ಓಡಾಡುತ್ತಿದ್ದನಲ್ಲ ಎಂದು ಎಲ್ಲರಿಗೂ ಮರುಕ. ಅದಕ್ಕೇ ಅವನು ಬೇಲಿ ಬೇಲಿಗೆ ಒರಗಿ ನಿಟ್ಟುಸಿರು ಬಿಡುತ್ತಿದ್ದದ್ದು! ಬೇಕರಿಯಲ್ಲಿ ಅವನಿಗೆ ಸಾಲು ಬಿಟ್ಟುಕೊಟ್ಟರು. ಯಾರೋ ಒಂದು ಬಾಟಲಿ ಪ್ಲಮ್ ಹಣ್ಣಿನ ರಾಕಿಯಾ ಸಾರಾಯಿ ತಂದು ಬಾಗಿಲಲ್ಲಿಟ್ಟು ಹೋದರು. ಝ್ಲಾತಜ್ಜಿ ಬೀದಿಯಲ್ಲೇ ಅವನ ತೋಳು ಹಿಡಿದುಕೊಂಡಳು.

"ಎರಡೂ ಕುಸಿದಿದೆಯಂತಲ್ಲ ಮಗಾ?"

ಪ್ರೊದಾನಣ್ಣ ಬೀದಿಯ ಎರಡೂ ಕಡೆ ನೋಡಿದ. ಊರಿಗೆ ಗೊತ್ತಾಗಿಹೋಗಿದೆ! ತಲೆ ತಗ್ಗಿಸಿ, "ಹೌದಜ್ಜಿ. ಏನು ಮಾಡೋದು, ವಯಸ್ಸಾಯ್ತು" ಎಂದ.

"ವಯಸ್ಸು ಅಂದ್ರೆ ಸುಮ್ನೇನಾ, ತುರ್ಕರ ಕಾಲದ್ದು!"

ಅದು ಸ್ವಲ್ಪ ಜಾಸ್ತಿಯಾಯಿತು ಎನ್ನಿಸಿತು ಅವನಿಗೆ.

"ನಾಳೆಯಿಂದ ನನ್ನ ಮೇಕೆ ಗತಿ ಏನು?"

"ನಿನ್ನ ಮೇಕೆಗೂ ನನ್ನದಕ್ಕೂ ಏನಜ್ಜಿ ಸಂಬಂಧ?"

"ದಿನಾ ಅದರ ಮೇಲೇ ಅಲ್ವೇನೋ ಓಡಾಡೋದು!"

ಅಜ್ಜಿಗೆ ಅರಳುಮರಳು ಎಂದುಕೊಂಡು ಅವನು ಮನೆಗೆ ಹೋದ. ಆದರೆ ಒಂದು ಮಾತು ಅವನ ಮನಸ್ಸನ್ನು ತಟ್ಟಿತು. ಊರಿಗೆಲ್ಲ ತನ್ನ ಪಾದದ ಗುಟ್ಟು ತಿಳಿದೂ ಒಬ್ಬನಾದರೂ ನಗಲಿಲ್ಲ. ಎಂಥ ಜನ!

ಮಾರನೆಯ ದಿನ ಪುರಸಭೆ ಅಧ್ಯಕ್ಷ ಗಾತೆವ್ ಕರೆಸಿದ. ಗಾತೆವ್ ಒಳ್ಳೆಯ ಮನುಷ್ಯನೇ. ದೇವರಿಗೆ ಹೆದರುತ್ತಿರಲಿಲ್ಲ, ಹೆಂಡತಿಗೆ ಸ್ವಲ್ಪ ಹೆದರುತ್ತಿದ್ದ, ಪಕ್ಷದ ಜಿಲ್ಲಾ ಸಮಿತಿಗೆ ಮಾತ್ರ ನಿದ್ದೆಯಲ್ಲೂ ಹೆದರುತ್ತಿದ್ದ. ಪುರಸಭೆಯ ಗೋಡೆಗಳು ತೆಳು. ಟೈಪಿಸ್ಟ್ ಕೋಣೆಯಲ್ಲಿದ್ದವರೆಲ್ಲ ಇದನ್ನು ಕೇಳಿಸಿಕೊಂಡಿದ್ದಾರೆ.

"ಬಾಗಿಲು ಹಾಕು. ಯಾವಾಗಿಂದ ಇದು?"

"ಏನು ಯಾವಾಗಿಂದ, ಕಾಮ್ರೇಡ್?"

"ನನ್ನ ಹತ್ರ ನಾಟಕ ಬೇಡ. ಕಮಾನು!"

"ನಿಮಗೂ ಗೊತ್ತಾಯ್ತಾ? ಈಸ್ಟರ್ ಹೊತ್ತಿಗೆ ಶುರುವಾಯ್ತು. ಮೊದಲು ಏನೂ ಅನ್ನಿಸ್ಲಿಲ್ಲ. ಆಮೇಲೆ ಸಂಜೆ ಆದ್ರೆ ಉರಿ."

"ಉರಿಯದೇ ಇರತ್ತಾ, ಜವಾಬ್ದಾರಿ ಇರೋ ಮನುಷ್ಯ ನೀನು. ಆದ್ರೆ ನನಗೆ ಯಾಕೆ ಹೇಳ್ಲಿಲ್ಲ?"

"ನನ್ನ ಸ್ವಂತ ವಿಷಯ ಅಲ್ವಾ ಅಂತ..."

"ಸ್ವಂತ! ಅದು ಸಾರ್ವಜನಿಕ ಆಸ್ತಿ ಕಣಯ್ಯ!"

ಪ್ರೊದಾನಣ್ಣ ತನ್ನ ಕಾಲುಗಳನ್ನು ನೋಡಿಕೊಂಡ. ಅಪ್ಪನ ದ್ರಾಕ್ಷಿತೋಟ ಸರ್ಕಾರದ್ದಾದದ್ದು ಅವನಿಗೆ ಗೊತ್ತಿತ್ತು. ಮಾವನ ಹಿಟ್ಟಿನ ಗಿರಣಿ ಹೋದದ್ದೂ ಗೊತ್ತಿತ್ತು. ಪಾದಗಳೂ ಹೋಗಿವೆಯೆಂದು ಯಾರೂ ಹೇಳಿರಲಿಲ್ಲ.

"ಭಾರ ತಡೆಯತ್ತಾ?" ಎಂದ ಗಾತೆವ್.

"ಸುಮ್ನೆ ನಿಂತ್ರೆ ತಡೆಯತ್ತೆ. ಕುಣಿದ್ರೆ ಕಷ್ಟ. ಇಷ್ಟು ವರ್ಷ ಕುಣಿದೂ ಕುಣಿದೂ ಹೀಗಾಗಿರೋದು ಅಂದ್ರು ಪ್ರೊಫೆಸರು."

ಗಾತೆವ್ ಕುರ್ಚಿಗೆ ಒರಗಿದ. ಪ್ರತಿ ಮದುವೆಯಲ್ಲೂ ಇಡೀ ಊರು ಸೇತುವೆಯ ಮೇಲೆ ಹೋರೊ ಕುಣಿಯುವುದು ಅವನ ಕಣ್ಣಿಗೆ ಬಂದಿರಬೇಕು. "ಹೌದಲ್ಲ! ನಾನೂ ಕುಣಿದಿದೀನಿ" ಎಂದ ಸಣ್ಣ ದನಿಯಲ್ಲಿ. "ಈಗ ಆಧಾರ ಏನು ಹಾಕಿಸ್ತಾರೆ?"

"ಕಾರ್ಕು."

"ಕಾರ್ಕಾ?"

"ಮೇಲೆ ತೆಳು ತೊಗಲು ಹೊದಿಸ್ತಾರಂತೆ. ಈಗೆಲ್ಲ ಅದೇ ಅಂತೆ. ನೀರು ತಾಗಬಾರದು, ಅಷ್ಟೆ."

ಗಾತೆವ್‌ಗೆ ಹೊಳೆಯ ಮೇಲಿನ ಸೇತುವೆಗೆ ನೀರು ತಾಗಬಾರದ ಕಾರ್ಕು ಹೇಗೆಂದು ಅರ್ಥವಾಗಲಿಲ್ಲ. ಆದರೆ ಪ್ಲೊವ್ದಿವ್‌ನ ಪ್ರೊಫೆಸರು ಹೇಳಿದ ಹೊಸ ತಾಂತ್ರಿಕತೆ ತನಗೆ ಅರ್ಥವಾಗಲಿಲ್ಲವೆಂದು ಒಪ್ಪಿಕೊಂಡ ಅಧ್ಯಕ್ಷ ಎಷ್ಟು ದಿನ ಅಧ್ಯಕ್ಷನಾಗಿರುತ್ತಾನೆ? "ಕೇಳಿದೀನಿ, ಕೇಳಿದೀನಿ" ಎಂದು ತಲೆಯಾಡಿಸಿದ. "ಜಿಲ್ಲೆಯವರಿಗೆ ಗೊತ್ತಾಗಬಾರದು. ನಮ್ಮಿಬ್ಬರಲ್ಲೇ ಇರ್ಲಿ."

ಪ್ರೊದಾನಣ್ಣನ ಕಣ್ಣು ಒದ್ದೆಯಾಯಿತು. "ನೀವು ದೇವರಂಥವರು, ಕಾಮ್ರೇಡ್" ಎಂದ. ಕಮ್ಯುನಿಸ್ಟ್ ಅಧ್ಯಕ್ಷನ ಮುಂದೆ ದೇವರ ಹೆಸರು ಎತ್ತಬಾರದಿತ್ತು. ಗಾತೆವ್ ಕೇಳಿಸದವನಂತೆ ಇದ್ದ.

ಅದೇ ಸಂಜೆ ಸೇತುವೆಯ ಎರಡೂ ತುದಿಗೆ ಹಗ್ಗ ಬಿತ್ತು. "ಸೌಂದರ್ಯವರ್ಧನೆ ಕಾಮಗಾರಿ ನಿಮಿತ್ತ ಸಂಚಾರ ನಿಷೇಧಿಸಲಾಗಿದೆ" ಎಂದು ಫಲಕ. ಹಗ್ಗ ಕಟ್ಟಿದವನು ಪ್ರೊದಾನಣ್ಣನೇ. ಬಣ್ಣ ಬಳಿಸುತ್ತಾರೆ ಎಂದುಕೊಂಡ. ಅಧ್ಯಕ್ಷ ಹೇಳಿದ, ಅವನು ಕಟ್ಟಿದ.

ಅಲ್ಲಿಂದ ಮುಂದೆ ನಾವೆಲ್ಲ ಹೊಳೆಗಿಳಿದು ಓಡಾಡಬೇಕಾಯಿತು. ಬೇಸಿಗೆಯ ಕೊನೆ, ನೀರು ಮೊಣಕಾಲಿನ ಕೆಳಗೆ. ಹೆಂಗಸರು ಲಂಗ ಎತ್ತಿಕಟ್ಟಿಕೊಂಡು ಬ್ರೆಡ್ಡನ್ನು ತಲೆಯ ಮೇಲಿಟ್ಟು ದಾಟುತ್ತಿದ್ದರು. ಶಾಲೆಯ ಹೆಡ್‌ಮಾಸ್ತರು ಪ್ಯಾಂಟು ಮಡಿಚಿ, ಟೈ ಮಾತ್ರ ಹಾಗೇ ಬಿಟ್ಟುಕೊಂಡು ದಾಟುವುದನ್ನು ನೋಡಲು ನಾನು ಅಂಗಡಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಝ್ಲಾತಜ್ಜಿಯ ಮೇಕೆ ಮಾತ್ರ ಹಗ್ಗದ ಕೆಳಗೆ ನುಸುಳಿ ಸೇತುವೆಯ ಮೇಲೇ ಹೋಗುತ್ತಿತ್ತು. ಅದು ಆಚೆ ದಡ ಮುಟ್ಟುವವರೆಗೆ ಎಲ್ಲರೂ ಎದೆ ಹಿಡಿದುಕೊಂಡು ನೋಡುತ್ತಿದ್ದರು.

ಪ್ಲೊವ್ದಿವ್‌ನಿಂದ ಆಧಾರ ಬರುವ ದಿನ ಬಸ್ ನಿಲ್ದಾಣದಲ್ಲಿ ಟ್ರ್ಯಾಕ್ಟರು, ಅದಕ್ಕೊಂದು ಟ್ರೇಲರು, ರಾಟೆ, ಸರಪಳಿ, ಗಟ್ಟಿಮುಟ್ಟಾದ ಆಳುಗಳು, ಎಲ್ಲ ಸಿದ್ಧ. ಗಾತೆವ್ ಹೊಸ ಟೊಪ್ಪಿ ಹಾಕಿಕೊಂಡು ನಿಂತಿದ್ದ. ಪ್ರೊದಾನಣ್ಣ ಒಂದು ಮೂಲೆಯಲ್ಲಿ, ಇಷ್ಟು ಜನ ಯಾಕೆ ಬಂದರಪ್ಪಾ ಎಂದು ಬೆವರುತ್ತಿದ್ದ. ಬಸ್ಸು ಬಂತು. ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಲಿಪೋವೊ ಪ್ರೊದಾನ್ ಯಾರ್ರೀ?" ಎಂದು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟ. ಬೂಟಿನ ಪೆಟ್ಟಿಗೆಯಷ್ಟೇ ದೊಡ್ಡದು.

"ಮಿಕ್ಕಿದ್ದು?" ಎಂದ ಗಾತೆವ್.

"ಏನು ಮಿಕ್ಕಿದ್ದು? ಇಷ್ಟೇ ಕೊಟ್ಟಿದ್ದು" ಎಂದು ಡ್ರೈವರು ಬಸ್ಸು ಬಿಟ್ಟುಕೊಂಡು ಹೋದ.

ಗಾತೆವ್ ಪ್ರೊದಾನಣ್ಣನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಟ್ರೇಲರಿನ ಮೇಲಿಟ್ಟು ಬಿಚ್ಚಿದ. ಒಳಗೆ ತೆಳು ಕಾಗದದಲ್ಲಿ ಎರಡು ಕಾರ್ಕಿನ ತುಂಡು, ಕಂದು ತೊಗಲಿನ ಹೊದಿಕೆ, ನಡುವೆ ಎತ್ತಿಕೊಂಡ ಸಣ್ಣ ಉಬ್ಬು. ಜನ ಕತ್ತು ಚಾಚಿದರು. ಗಾತೆವ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಅವನ ಮುಖ ಅರಳಿತು.

"ಮಾದರಿ!" ಎಂದ. "ನೋಡ್ರಯ್ಯಾ, ಮೊದಲು ಮಾದರಿ ಕಳಿಸಿದ್ದಾರೆ! ಎರಡು ಕಮಾನು, ಎರಡು ಆಧಾರ. ಇದು ಸೇತುವೆ ಎಡಗಡೇದು, ಇದು ಬಲಗಡೇದು. ಎಷ್ಟು ಚೊಕ್ಕ ಕೆಲಸ!"

ಚಪ್ಪಾಳೆ ಬಿತ್ತು. ಪ್ರೊದಾನಣ್ಣ ಟ್ರ್ಯಾಕ್ಟರನ್ನು ನೋಡಿದ. ರಾಟೆಯನ್ನು ನೋಡಿದ. ಕೆಳಗೆ ಹೊಳೆಯಲ್ಲಿ ಬ್ರೆಡ್ಡು ಹೊತ್ತು ದಾಟುತ್ತಿದ್ದ ಹೆಂಗಸರನ್ನೂ, ತಾನೇ ಕಟ್ಟಿದ ಹಗ್ಗವನ್ನೂ ನೋಡಿದ. ಅವನ ಬಾಯಿ ತೆರೆದುಕೊಂಡಿತು. ಆ ಕ್ಷಣ ಅವನಿಗೆ ಎಲ್ಲ ತಿಳಿಯಿತು, ಜೊತೆಗೆ ತನ್ನ ಪಾದದ ವಿಷಯ ಊರಿಗೆ ಗೊತ್ತೇ ಇಲ್ಲವೆಂಬುದೂ ತಿಳಿಯಿತು.

"ಮಾದರಿ ಅಲ್ವೇನಯ್ಯಾ ಪ್ರೊದಾನ್?" ಎಂದ ಗಾತೆವ್.

"ಹೌದು. ಮಾದರಿ" ಎಂದ ಪ್ರೊದಾನಣ್ಣ.

ಹೀಗಾಗಿ ಅವನ ಒಳ ಅಟ್ಟೆಗಳು ಪುರಸಭೆಯ ಹಜಾರದಲ್ಲಿ, ಫುಟ್‌ಬಾಲ್ ಕಪ್ಪಿನ ಪಕ್ಕ, ಗಾಜಿನ ಬೀರುವಿಗೆ ಸೇರಿದವು. ಬೀರುವಿಗೆ ಬೀಗ. ಕೆಳಗೆ "ಲಿಪೋವೊ ಸೇತುವೆ: ಭವಿಷ್ಯದ ಆಧಾರ" ಎಂಬ ಚೀಟಿ. ಶಾಲೆಯ ಮಕ್ಕಳನ್ನು ಹೊಳೆ ದಾಟಿಸಿ ತಂದು ತೋರಿಸಿದರು. ಪ್ರೊದಾನಣ್ಣ ದಿನಕ್ಕೊಮ್ಮೆ ಹೋಗಿ, ಗಾಜಿಗೆ ಹಣೆ ಹಚ್ಚಿ, ತನ್ನ ಸುಖವನ್ನು ನೋಡಿಕೊಂಡು ಕುಂಟುತ್ತ ಬರುತ್ತಿದ್ದ. ಅವನ ಕರ್ತವ್ಯನಿಷ್ಠೆಯನ್ನು ಎಲ್ಲರೂ ಹೊಗಳಿದರು.

ರಾಯ್ನಕ್ಕನಿಗೆ ಮಾತ್ರ ಅನುಮಾನ ಹತ್ತಿತು. ಅವಳದು ಮಾತು ಕಡಿಮೆ, ನೋಟ ಜಾಸ್ತಿ. ಗಂಡ ಪ್ಲೊವ್ದಿವ್‌ನಿಂದ ಬಂದ ದಿನ ಅವನ ಕಾಲ್ಬೆರಳ ಸಂದಿಯಲ್ಲಿ ಬಿಳಿ ಸುಣ್ಣ ಮೆತ್ತಿದ್ದನ್ನು ನೋಡಿ, ಗೋಡೆ ಕೆಲಸ ಮಾಡಿರಬೇಕು ಎಂದುಕೊಂಡಿದ್ದಳಂತೆ. ಈಗ ಪುರಸಭೆಗೆ ಹೋಗಿ ಗಾಜಿನ ಬೀರುವಿನ ಮುಂದೆ ಒಂದು ನಿಮಿಷ ನಿಂತಳು. ಮನೆಗೆ ಬಂದು, ಅಂಗಳದಲ್ಲಿ ನಾನು ಹಾಲಿನ ಪಾತ್ರೆ ವಾಪಸು ಕೊಡಲು ನಿಂತಿದ್ದನ್ನೂ ಲೆಕ್ಕಿಸದೆ ಕೇಳಿದಳು.

"ಆ ಬೀರುವಲ್ಲಿರೋದಕ್ಕೆ ಹೆಬ್ಬೆರಳಿನ ಗುರುತು ಯಾಕಿದೆ?"

ಪ್ರೊದಾನಣ್ಣ ಬೂಟುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ.

"ಸೇತುವೆಗೆ ಹೆಬ್ಬೆರಳಿದೆಯಾ?"

"ರಾಯ್ನ, ಕೂಗಬೇಡ್ವೇ..."

"ನಾಳೆ ಮಿಂಚೊನ ಮಗಳ ಮದುವೆ. ಅಷ್ಟು ಜನ ಹೊಳೆಗಿಳಿದು ಬರಬೇಕು. ಬೆಟ್ಟದ ಕಡೆ ಮೋಡ ನೋಡಿದ್ಯಾ? ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಮಿಂಚೊ ಮುಂದೆ ಹೇಳಬೇಕಾ? ಇದಕ್ಕಿಂತ ಕಾಲೇ ಕತ್ತರಿಸಿಬಿಡೇ!"

"ಅದೂ ಆಗತ್ತೆ" ಎಂದು ರಾಯ್ನಕ್ಕ ಒಳಗೆ ಹೋದಳು. ಆವತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ. ಲಿಪೋವೊದ ಇತಿಹಾಸದಲ್ಲಿ ಅದು ಅಪರೂಪದ ಸಂಗತಿ.

ಮದುವೆಯ ಬೆಳಿಗ್ಗೆ ಊರಲ್ಲಿ ಎಳೆಬಿಸಿಲು. ರಾತ್ರಿ ಬೆಟ್ಟದ ಮೇಲೆ ಮಳೆ ಸುರಿದಿತ್ತು. ಸುಷಿತ್ಸ ಕಂದು ಬಣ್ಣಕ್ಕೆ ತಿರುಗಿ ತೊಡೆಯ ಮಟ್ಟ ಬಂದಿತ್ತು. ಮದುವೆ ನೋಂದಣಿ ಈಚೆ ದಡದ ಪುರಸಭೆಯಲ್ಲಿ, ಮದುಮಗಳು ನೆವೆನ ಆಚೆ ದಡದಲ್ಲಿ. ಮಿಂಚೊ ಎತ್ತಿನ ಗಾಡಿಗೆ ಹೂಕಟ್ಟಿ ಮಗಳನ್ನೂ ತಾಯಿಯನ್ನೂ ಕೂರಿಸಿ ನೀರಿಗಿಳಿಸಿದ. ಹಿಂದೆ ಡೋಲು, ಕ್ಲಾರಿನೆಟ್ಟು. ಅವರ ಹಿಂದೆ ಬೂಟು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನೆಂಟರ ಸಾಲು. ನಡುಹೊಳೆಯಲ್ಲಿ ಗಾಡಿಯ ಚಕ್ರ ಮರಳಿಗೆ ಸಿಕ್ಕಿಕೊಂಡಿತು. ಗಾಡಿ ವಾಲಿತು. ನೆವೆನ ಕಿರುಚಿದಳು. ಗಾತೆವ್ ಈಚೆಯಿಂದ ಪ್ಯಾಂಟು ಮಡಿಚಿ ಬರಿಗಾಲಲ್ಲಿ ನೀರಿಗೆ ಹಾರಿದ. ಅದೊಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು.

ಸೇತುವೆಯ ಹಗ್ಗದ ಹತ್ತಿರ ಕಾವಲಿಗಿದ್ದ ಪ್ರೊದಾನಣ್ಣ ಕೂಗಿದ. "ವಾಪಸು ಹೋಗಿ! ಎಲ್ರೂ ದಡ ಹತ್ತಿ, ಸೇತುವೆ ಮೇಲೆ ಬನ್ನಿ!"

"ಕುಸಿದಿದೆ ಅಂತ ನೀನೇ ಅಲ್ವೇನೋ ಹೇಳಿದ್ದು?" ಎಂದು ಮಿಂಚೊ ನೀರಿನಿಂದಲೇ ಅರಚಿದ.

ಪ್ರೊದಾನಣ್ಣ ಹಗ್ಗ ಕಿತ್ತೆಸೆದು ಸೇತುವೆಯ ನಡುವಿಗೆ ಓಡಿ, ಅಲ್ಲಿ ನಿಂತು ಧಡಧಡ ಕುಣಿದ. ದಡದ ಮೇಲಿದ್ದ ಹೆಂಗಸರು ಕಣ್ಣು ಮುಚ್ಚಿಕೊಂಡರು. "ಅಯ್ಯೋ, ಊರಿಗೋಸ್ಕರ ಪ್ರಾಣ ಕೊಡ್ತಿದಾನಲ್ಲಪ್ಪಾ!" ಎಂದು ಯಾರೋ ಅತ್ತರು. ಒಬ್ಬರಾದರೂ ಸೇತುವೆ ಹತ್ತಲಿಲ್ಲ. ಗಾಡಿ ಇನ್ನಷ್ಟು ವಾಲಿತು.

ಆಗ ಅವನು ಕುಣಿಯುವುದನ್ನು ನಿಲ್ಲಿಸಿದ. ಆಚೆ ದಡಕ್ಕೆ ಓಡಿ, ಬೂಟು ಕಾಲುಚೀಲ ಕಿತ್ತು, ಎರಡೂ ಪಾದಗಳನ್ನು ಹೊಳೆಯಲ್ಲಿ ಅದ್ದಿ, ಸೇತುವೆಯ ಬಿಸಿಲು ಬಿದ್ದ ಬಿಳಿ ಕಲ್ಲಿನ ಮೇಲೆ ಒತ್ತಿ ನಿಂತ. ಆಮೇಲೆ ಪಕ್ಕಕ್ಕೆ ಸರಿದ. ಕಲ್ಲಿನ ಮೇಲೆ ಎರಡು ಗುರುತು. ನಡುವೆ ಬಳುಕಿಲ್ಲ, ಸೊಂಟವಿಲ್ಲ. ಎರಡು ರೊಟ್ಟಿ ಹಾಕಿದ ಹಾಗೆ ಚಪ್ಪಟೆ.

"ಇದು ಕಣ್ರೋ ಕುಸಿದಿರೋದು!" ಎಂದು ಕೂಗಿದ. ಪ್ಲೊವ್ದಿವ್ ಜೊತೆ ಫೋನಲ್ಲಿ ಮಾತಾಡುವಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. "ಇದೇ ಕಮಾನು! ಸೇತುವೆದಲ್ಲ, ನಂದು! ನನ್ನ ಪಾದ ಚಪ್ಪಟೆ! ಬೀರುವಲ್ಲಿರೋದು ನನ್ನ ಬೂಟಿಗೆ ಹಾಕೋ ಒಳ ಅಟ್ಟೆ! ಬಾತುಕೋಳಿ ನಾನೇ! ಈಗ ಬನ್ನಿ ಮಾರಾಯ್ರಾ, ಹುಡುಗಿ ಕೊಚ್ಕೊಂಡು ಹೋಗ್ತಾಳೆ!"

ಕ್ಲಾರಿನೆಟ್ಟಿನವನು ತುಟಿಯಿಂದ ಕ್ಲಾರಿನೆಟ್ಟು ತೆಗೆದ. ವಾಲಿದ ಗಾಡಿಯ ಮೇಲಿಂದ ಝ್ಲಾತಜ್ಜಿಯ ನಗು ಮೊದಲು ಕೇಳಿಸಿತು. "ಅದಕ್ಕೇ ನನ್ನ ಮೇಕೆಗೆ ಏನೂ ಆಗ್ಲಿಲ್ಲ!" ಎಂದಳು.

ಆಮೇಲೆ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಾತೆವ್ ಮತ್ತು ಮಿಂಚೊ ನೆವೆನಳನ್ನು ಎತ್ತಿಕೊಂಡು ದಡಕ್ಕೆ ತಂದರು, ಅಜ್ಜಿಯನ್ನು ಇನ್ನಿಬ್ಬರು ಹೊತ್ತುಕೊಂಡು ಬಂದರು. ಎಲ್ಲರೂ ಸೇತುವೆ ಹತ್ತಿದರು, ಬರಿಗಾಲಲ್ಲಿ, ಬೂಟುಗಳು ಕೈಯಲ್ಲಿ, ಪಾದಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರೊದಾನಣ್ಣ ತಲೆ ತಗ್ಗಿಸಿ ಪಕ್ಕದಲ್ಲಿ ನಿಂತಿದ್ದ. ತಲೆ ತಗ್ಗಿಸಿದ್ದರಿಂದ ನೆಲ ಕಂಡಿತು. ಮಿಂಚೊ ನಡೆದುಹೋದ ಕಲ್ಲಿನ ಮೇಲೆ ಒದ್ದೆ ಹೆಜ್ಜೆ. ರೊಟ್ಟಿಯ ಹಾಗೆ ಚಪ್ಪಟೆ.

"ಮಿಂಚೊ" ಎಂದ ಪ್ರೊದಾನಣ್ಣ.

ಮಿಂಚೊ ತಿರುಗಿ ನೋಡಿದ. ನೆಲವನ್ನೂ ನೋಡಿಕೊಂಡ. ಕೂಡಲೇ ಕಾಲಿನಿಂದ ಉಜ್ಜತೊಡಗಿದ. ಉಜ್ಜಿದಷ್ಟೂ ಇನ್ನೊಂದು ಚಪ್ಪಟೆ ಗುರುತು ಮೂಡಿತು.

"ನಿಂಗೂ?"

"ಮಗಳ ಮದುವೆ ದಿನ ಇದೆಲ್ಲ ಯಾಕೋ?" ಎಂದು ಮಿಂಚೊ ಗೊಣಗಿದ. ಅಷ್ಟರಲ್ಲಿ ಎಲ್ಲರೂ ಬಗ್ಗಿ ನೆಲ ನೋಡತೊಡಗಿದ್ದರು. ಕ್ಲಾರಿನೆಟ್ಟಿನವನದು ಚಪ್ಪಟೆ. ಹೆಡ್‌ಮಾಸ್ತರದು ಚಪ್ಪಟೆ. ಅಧ್ಯಕ್ಷ ಗಾತೆವ್ ಬೇಗ ಬೇಗ ಬೂಟು ಹಾಕಿಕೊಳ್ಳಲು ನೋಡಿದ, ಆದರೆ ಅವನ ಗುರುತು ಸೇತುವೆಯ ಉದ್ದಕ್ಕೂ ಬಿದ್ದಾಗಿತ್ತು, ಎಲ್ಲರದಕ್ಕಿಂತ ಅಗಲವಾಗಿ. ಝ್ಲಾತಜ್ಜಿಯನ್ನು ಇಳಿಸಿದಾಗ ಅವಳು ಬೇಕೆಂದೇ ಒಣಗಿದ ಕಲ್ಲು ಹುಡುಕಿ, ಪಾದ ಒದ್ದೆ ಮಾಡಿಸಿಕೊಂಡು ಮೆಲ್ಲಗೆ ಕಾಲೂರಿದಳು. ಕುಡುಗೋಲಿನ ಹಾಗೆ ಬಾಗಿದ, ತೆಳುವಾದ, ಹದಿನಾರರ ಹುಡುಗಿಯ ಹೆಜ್ಜೆ. "ನೋಡ್ಕೊಳ್ರೋ" ಎಂದಳು. ಆ ಗುರುತುಗಳು ಬಿಸಿಲಿಗೆ ಆರುವವರೆಗೂ ಯಾರಿಗೂ ಮದುವೆಯ ನೆನಪಾಗಲಿಲ್ಲ. ಈಗ ಹೊಳೆಯ ಕೆಳಭಾಗದಲ್ಲಿ ಕಾಂಕ್ರೀಟಿನ ಅಗಲ ಸೇತುವೆ ಬಂದಿದೆ. ಕಾರುಗಳು ಅದರ ಮೇಲೇ ಹೋಗುತ್ತವೆ. ಬರಿಗಾಲಲ್ಲಿ ಯಾರೂ ದಾಟುವುದಿಲ್ಲ.

ನೋಂದಣಿ ಮುಗಿದ ಮೇಲೆ ಗಾತೆವ್ ತಾನೇ ಬೀಗದ ಕೈ ತಂದು ಬೀರು ತೆಗೆದು, ಒಳ ಅಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ಪ್ರೊದಾನಣ್ಣನಿಗೆ ಕೊಟ್ಟ. ಕೊಡುವಾಗ ಕಿವಿಯಲ್ಲಿ, "ಫೋನಲ್ಲಿ ತಗಡು ಬೇಡ ಅಂದ್ಯಂತಲ್ಲ, ಅದು ತುಂಬ ಚುಚ್ಚತ್ತಾ?" ಎಂದು ಕೇಳಿದ. ಪ್ರೊದಾನಣ್ಣ ದೊಡ್ಡ ನಂಬರಿನ ಬೂಟಿಗೆ ಅವನ್ನು ಸೇರಿಸಿ, ಕಾಲು ತೂರಿಸಿ, ನಿಂತು ನೋಡಿದ. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಅವನ ಮುಖದಲ್ಲಿ ಮೂಡಿದ ಸುಖವನ್ನು ನೋಡಿ ಮಿಂಚೊ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಸೇತುವೆಯ ಮೇಲೇ ಹೋರೊ ಶುರುವಾಯಿತು. ಕರವಸ್ತ್ರ ಯಾರ ಕೈಗೆ ಎಂದು ಎಲ್ಲರೂ ನೋಡುತ್ತಿದ್ದರು. ಪ್ರೊದಾನಣ್ಣ ಒಂದು ಸುತ್ತು ಕುಣಿದ, ಚೆನ್ನಾಗಿಯೇ ಕುಣಿದ. ಆಮೇಲೆ ಸಾಲಿನಿಂದ ಬಿಡಿಸಿಕೊಂಡು ಮಿಂಚೊನ ಹತ್ತಿರ ಬಂದು, "ಇವತ್ತು ಮಗಳ ಮದುವೆ, ನೀನೇ ಹಿಡಿ. ಹೆಜ್ಜೆ ತಪ್ಪಿದ್ರೆ ಮಾತ್ರ ಸುಮ್ನಿರಲ್ಲ" ಎಂದು ಕರವಸ್ತ್ರ ಕೊಟ್ಟುಬಿಟ್ಟ. ಮಿಂಚೊ ಅದನ್ನು ತೆಗೆದುಕೊಂಡ. ಆಮೇಲೆ ಮೂಗೊರೆಸಿಕೊಂಡ, ಆ ಕರವಸ್ತ್ರದಲ್ಲೇ.

ಪ್ರೊದಾನಣ್ಣ ಸೇತುವೆಯ ಕಟ್ಟೆಗೆ ಬಂದ. ಅಲ್ಲಿ ರಾಯ್ನಕ್ಕ ಕುಳಿತಿದ್ದಳು, ಮಡಿಲ ತುಂಬ ಕುಣಿಯುವವರ ಕೋಟುಗಳು, ಶಾಲುಗಳು, ಗಾತೆವ್‌ನ ಟೊಪ್ಪಿ. ಊರಿನ ಯಾವ ಮದುವೆಯಲ್ಲೂ ಅವಳು ಹಾಗೇ ಕೂರುತ್ತಿದ್ದಳು. ನಾವು ಅದನ್ನು ಗಮನಿಸಿಯೂ ಇರಲಿಲ್ಲ. ಪ್ರೊದಾನಣ್ಣ ಅವಳ ಪಕ್ಕದಲ್ಲಿ ಉಸ್ಸೆಂದು ಕುಳಿತು, ಬೂಟಿನ ದಾರ ಸಡಿಲ ಮಾಡಿ, "ಇಲ್ಲಿ ತಂಪಾಗಿದೆ ಕಣೆ" ಎಂದ.

ರಾಯ್ನಕ್ಕ ಅವನನ್ನು ಒಂದು ಸಲ ನೋಡಿದಳು.

"ಅಂತೂ ಕೂತ್ಕೊಂಡ್ಯಲ್ಲ" ಎಂದಳು. "ಸರಿ, ಇವನ್ನ ಹಿಡ್ಕೊ."

ಕೋಟು, ಶಾಲು, ಟೊಪ್ಪಿ ಎಲ್ಲವನ್ನೂ ಅವನ ಮಡಿಲಿಗೆ ಸುರಿದು, ಲಂಗ ಕೊಡವಿಕೊಂಡು ಎದ್ದಳು. ಸಾಲು ಹತ್ತಿರ ಬರುವುದನ್ನು ಕಾದು, ಮಿಂಚೊ ಮತ್ತು ಗಾತೆವ್ ನಡುವೆ ಕೈ ತೂರಿಸಿ ಹೆಜ್ಜೆ ಸೇರಿಸಿದಳು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ರಾಯ್ನಕ್ಕನ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕ್ಲಾರಿನೆಟ್ಟಿನವನು ಅವಳನ್ನು ನೋಡುತ್ತ ನೋಡುತ್ತ ತಾಳ ಏರಿಸಿದ. ಗಾತೆವ್ ಸೋತು ಸಾಲು ಬಿಟ್ಟ. ಮಿಂಚೊ ಏದುಸಿರು ಬಿಡುತ್ತಿದ್ದ. ಅವಳು ಇನ್ನೂ ಬೆವರಿರಲಿಲ್ಲ.

ಟೊಪ್ಪಿ, ಶಾಲುಗಳ ರಾಶಿಯ ಮೇಲಿಂದ ಪ್ರೊದಾನಣ್ಣ ಕತ್ತು ಉದ್ದ ಮಾಡಿದ. "ಏ ದೋನ್ಕ" ಎಂದು ನನ್ನ ತೋಳು ತಿವಿದ. "ನೋಡೇ ಅಲ್ಲಿ! ಅವಳು ನನ್ನ ಹೆಂಡ್ತಿ ಕಣೆ!"